ವ್ಯಾಂಕೂವರದಲ್ಲಿ ಆರು ದಿನಗಳು

“ಕೆಲಸ ಅಲ್ಲೇ, ಮನೆ ಅಲ್ಲೇ, ಅಪ್ಪಣೆ ಬೇಡುವುದಕ್ಕೆ ಮತ್ತೊಬ್ಬರ ದೇಶಕ್ಕೆ ಯಾಕೆ ಹೋಗಬೇಕೋ?” ಎಂದು ನಮ್ಮ ತಾಯಿಯವರು ತುಮಕೂರಿನಿಂದ ಫೋನಿನಲ್ಲಿ ಕೇಳಿದರು. ೨೦೧೩ನೆಯ ಇಸವಿಯ ಆಗಸ್ಟ್ ತಿಂಗಳ ಮಾತಿದು. ಆಗ ನಾವು ಅಮೇರಿಕದ ಸಿಯಾಟಲ್ ನಗರದಲ್ಲಿ ಉದ್ಯೋಗದಲ್ಲಿದ್ದೆವು. ಕಾರ್ತಿಕದಲ್ಲಿ ತಮ್ಮನ ಮದುವೆ. ರಜೆ ಸಿಕ್ಕಿದ್ದುದು ಹನ್ನೆರಡೇ ದಿನ. ಊರಿಗೆ ಹೋದವರು ತಿರುಗಿ ಬರಬೇಕಾದರೆ ರಹದಾರಿಯಲ್ಲಿ ಹೊಸ ವೀಸಾ ಇರಲೇಬೇಕು. ಹಳೆಯದರ ಅವಧಿ ಎಂದೋ ತೀರಿಹೋಗಿದ್ದಿತು.

ತಾಯಿಯವರಿಗೆ ನಾವು ಕೊಟ್ಟ ಉತ್ತರವನ್ನೇ ವಾಚಕರಿಗೂ ಹೇಳುತ್ತೇವೆ. ನಾಟಕದ ಕಂಪೆನಿಯವರ ಡೇರೆಯನ್ನು ನೆನೆಯಿರಿ. ಟಿಕೀಟು ಬೇಕಾದುದು ಬಾಗಿಲಲ್ಲಿ. ಒಳಗೆ ಕುಳಿತವನ ಜೇಬಿನಲ್ಲಿ ಅದು ಹರಿದುಹೋದರೂ ಯಾರೂ ಎಬ್ಬಿಸುವುದಿಲ್ಲ. ಅದರಂತೆ, ಅಮೇರಿಕದೊಳಗೆ ಇದ್ದು ದುಡಿಯುವ ಅನುಮತಿ ಬೇರೆ, ಅದರ ಬಾಗಿಲನ್ನು ಪ್ರವೇಶಿಸುವ ವೀಸಾ ಬೇರೆ. ಮೊದಲನೆಯದನ್ನು ಧಣಿಗಳು ಅರ್ಜಿ ಹಾಕಿ ಬೆಳೆಸಿಕೊಡುತ್ತಾರೆ. ಎರಡನೆಯದನ್ನಾದರೋ ಹೊರಗೆ ನಿಂತೇ ಪಡೆಯಬೇಕು. ೨೦೦೪ರ ಜುಲೈವರೆಗೆ ರಹದಾರಿಯನ್ನು ಅಂಚೆಯಲ್ಲಿ ಕಳುಹಿಸಿ, ಅಮೇರಿಕದಲ್ಲಿದ್ದುಕೊಂಡೇ ಹೊಸ ವೀಸಾ ಪಡೆಯುವ ಸೌಕರ್ಯ ನಮ್ಮಂಥ ಉದ್ಯೋಗಿಗಳಿಗೆ ಇದ್ದಿತು. ಬೆರಳಚ್ಚಿನ ಕಟ್ಟಳೆ ಬಂದಮೇಲೆ ಅದು ನಿಂತುಹೋಯಿತು. ಆದಕಾರಣ ಸಮೀಪದ ಹೊರಗು ಯಾವುದೆಂದು ಹುಡುಕುವವರು ಉತ್ತರದವರಾದರೆ ಕೆನಡಾಕ್ಕೂ, ದಕ್ಷಿಣದವರಾದರೆ ಮೆಕ್ಸಿಕೋವಿಗೂ ಹೊರಡುತ್ತಿದ್ದರು. ಕೆನಡಾಕ್ಕೆ ಹೋಗಲು ನಮ್ಮವರಿಗೆ ಕೆನಡಾದ ವೀಸಾವೂ ಬೇಕು! ಒಂದು ಬಾಗಿಲ ಚೀಟಿಗಾಗಿ ಇನ್ನೊಂದು ಬಾಗಿಲ ಚೀಟಿ.

ಇದರಲ್ಲಿ ಒಂದು ಸೂಕ್ಷ್ಮವುಂಟು. ನಮ್ಮ ನಿದ್ರೆಯನ್ನು ಕೆಡಿಸಿದುದು ಅದೇ. ವೀಸಾ ತೀರಿದ್ದರೂ, ಒಳಗಿರುವ ಅನುಮತಿ ಊರ್ಜಿತವಾಗಿದ್ದಲ್ಲಿ, ಕೆನಡಾಕ್ಕೆ ಹೋಗಿ ೩೦ ದಿನದೊಳಗೆ ಹಿಂದಿರುಗಲು ಅಮೇರಿಕದ ಕಾನೂನು ಅವಕಾಶ ಕೊಡುತ್ತದೆ. ಆದರೆ ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಕೊಟ್ಟೆವೋ, ಆ ಅವಕಾಶ ನಷ್ಟವಾಯಿತೆಂದೇ ತಿಳಿಯಬೇಕು. ಕಾನ್ಸಲ್ ಕಛೇರಿಯಲ್ಲಿ ‘ಇಲ್ಲ’ ಎಂದರೆ, ಅಥವಾ ‘ವಿಚಾರಣೆ ಮುಗಿಯಲಿ’ ಎಂದರೆ, ಸಿಯಾಟಲಿನ ಮನೆಗೆ ದಾರಿಯಿಲ್ಲ. ಅಲ್ಲಿಂದ ನೇರವಾಗಿ ಹಿಂದೂಸ್ಥಾನಕ್ಕೆ ವಿಮಾನ ಹತ್ತಬೇಕು. ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯವರು ಹಾಲನ್ನೆಲ್ಲ ಖರ್ಚುಮಾಡಿ, ತುಳಸಿಯ ಕುಂಡವನ್ನೂ ಬೀಗದ ಕೈಯನ್ನೂ ನೆರೆಯವರಿಗೆ ಒಪ್ಪಿಸಿ, ಮಾಂಗಲ್ಯದ ಹೊರತು ಮಿಕ್ಕ ಒಡವೆಗಳನ್ನು ಎಲ್ಲಿಟ್ಟಿರುವೆನೆಂದು ನಮಗೆ ತೋರಿಸಿದರು. ಆರು ದಿನದ ಪ್ರವಾಸಕ್ಕೆ ಯಾರೂ ಹಾಗೆ ಮಾಡುವುದಿಲ್ಲ. ನಾವು ಏನೂ ಹೇಳದೆ ನೋಡಿಕೊಂಡೆವು.

ಸಿಯಾಟಲಿನಿಂದ ಗಡಿಗೆ ೧೧೦ ಮೈಲಿ. ಬ್ಲೇನ್ ಎಂಬ ಊರಿನ ಬಳಿ ಎರಡು ದೇಶಗಳೂ ಕೂಡುವ ಹುಲ್ಲುಮೈದಾನದ ನಡುವೆ ಬಿಳಿಯ ಮಹಾದ್ವಾರವೊಂದು ನಿಂತಿದೆ. ಎತ್ತರ ೬೭ ಅಡಿ. ಎರಡು ರಾಷ್ಟ್ರಗಳ ನಡುವೆ ೧೮೧೪ರಲ್ಲಿ ಆದ ಸಂಧಿಯ ಶತಮಾನದ ನೆನಪಿಗಾಗಿ ಕಟ್ಟಿ, ೧೯೨೧ನೆಯ ಸೆಪ್ಟೆಂಬರ್ ೬ರಂದು ಅರ್ಪಣೆಮಾಡಿದರಂತೆ. ಅಮೇರಿಕದ ಮುಖದಲ್ಲಿ ‘ಒಬ್ಬಳೇ ತಾಯಿಯ ಮಕ್ಕಳು’ ಎಂಬ ಭಾವದ ಬರಹವಿದೆ. ಒಳಗಡೆ ಗೋಡೆಗೆ ಕೀಲಿಸಿದ ಕಬ್ಬಿಣದ ಕದಗಳಿವೆ, ಅವು ಎಂದೂ ಮುಚ್ಚದಿರಲೆಂಬ ಹಾರೈಕೆಯೂ ಇದೆ. ನಾಲ್ಕೂವರೆ ವರ್ಷದ ನಮ್ಮ ಮಗಳು ಆ ಕದವನ್ನು ಎಳೆದು ನೋಡಿ, “ಅಪ್ಪಾ, ಇದು ಬರೋದೇ ಇಲ್ಲ” ಎಂದಳು. ಅವಳು ಸಿಯಾಟಲಿನಲ್ಲಿಯೇ ಹುಟ್ಟಿದವಳು. ಅವಳದು ನೀಲಿಯ ರಹದಾರಿ. ಆ ಕದವೇನು, ಯಾವ ಕದವೂ ಅವಳಿಗೆ ತೊಡಕಲ್ಲ. ತಂದೆತಾಯಿಗಳನ್ನು ಹೊರಗೆ ನಿಲ್ಲಿಸಿದರೂ ಮಗುವನ್ನು ನಿಲ್ಲಿಸುವಂತಿಲ್ಲವೆಂಬ ವಿಚಿತ್ರವನ್ನು ನಾವಿಬ್ಬರೂ ಒಂದೇ ಗಳಿಗೆಯಲ್ಲಿ ಯೋಚಿಸಿದೆವೆಂದು ಆಮೇಲೆ ತಿಳಿಯಿತು.

ವ್ಯಾಂಕೂವರ್ ಮನೋಹರವಾದ ಪಟ್ಟಣ. ಮುಂದೆ ಕಡಲಿನ ಕೊಲ್ಲಿ, ಅದರಾಚೆ ಕಡುಹಸುರಿನ ಬೆಟ್ಟಗಳ ಸಾಲು, ಊರಿಗೆ ಅಂಟಿಕೊಂಡೇ ಸಾವಿರ ಎಕರೆಯ ಸ್ಟ್ಯಾನ್ಲಿ ಉದ್ಯಾನ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳನ್ನು ಮಗಳು ಎಣಿಸುತ್ತಿದ್ದಳು. ಬೇರೆ ಮನಸ್ಸಿನಲ್ಲಿ ನೋಡಬೇಕಾದ ಊರು.

ಕಾನ್ಸಲ್ ಕಛೇರಿಯಿರುವುದು ವೆಸ್ಟ್ ಪೆಂಡರ್ ಬೀದಿಯ ಎತ್ತರದ ಕಟ್ಟಡದಲ್ಲಿ. ಬೆಳಗಿನ ಸಾಲಿನಲ್ಲಿ ತೆಲುಗರು, ತಮಿಳರು, ಚೀನೀಯರು. ಬಾಗಲಕೋಟೆಯ ಕಡೆಯವರೊಬ್ಬರ ಮಾತು ಕಿವಿಗೆ ಬಿದ್ದು ಮನಸ್ಸು ಹಗುರವಾಯಿತು. ಎಲ್ಲರ ಕಂಕುಳಲ್ಲೂ ಮಗುವಿನಂತೆ ಒಂದು ಕಡತ. ಒಳಗೆ ಫೋನು ಒಯ್ಯುವಂತಿಲ್ಲ. ತಲೆಗೆ ೧೯೦ ಡಾಲರು ಶುಲ್ಕವನ್ನು ಮೊದಲೇ ಸಲ್ಲಿಸಿದ್ದಾಗಿತ್ತು. ಹತ್ತು ಬೆರಳುಗಳ ಗುರುತು ಕೊಟ್ಟು ಕಿಟಕಿಯ ಮುಂದೆ ನಿಂತೆವು. ಯಾವ ಕಂಪೆನಿ, ಏನು ಕೆಲಸ, ಏನು ಸಂಬಳ. ಮೂರು ನಿಮಿಷವೂ ಆಗಲಿಲ್ಲ. ಎರಡು ಸೇರು ತೂಕದ ಕಡತವನ್ನು ಆತ ಬಿಚ್ಚಿಸಲೇ ಇಲ್ಲ! ರಹದಾರಿಗಳನ್ನು ತೆಗೆದಿಟ್ಟುಕೊಂಡು, ಕೆಲವು ದಿನಗಳಲ್ಲಿ ಕೊರಿಯರ್ ಮಳಿಗೆಗೆ ಬರುತ್ತವೆಂದು ಸೌಜನ್ಯದಿಂದಲೇ ಹೇಳಿದನು. ನಮ್ಮ ಮುಂದಿದ್ದ ತೆಲುಗು ತರುಣನಿಗೆ ಮಾತ್ರ ಒಂದು ಚೀಟಿ ದೊರೆಯಿತು: ೨೨೧(ಜಿ) ಕಲಮಿನ ಪ್ರಕಾರ ಇನ್ನೂ ಪರಿಶೀಲನೆಯಾಗಬೇಕು. ಎಷ್ಟು ದಿನವೆಂದು ಅದರಲ್ಲಿ ಬರೆದಿರಲಿಲ್ಲ. ಹೊರಗೆ ಬಂದು ಅವನು ಕಟ್ಟೆಯ ಮೇಲೆ ಕುಳಿತು, ಕಾರನ್ನು ಸಿಯಾಟಲಿನ ವಿಮಾನನಿಲ್ದಾಣದಲ್ಲಿ ನಿಲ್ಲಿಸಿಬಂದಿರುವೆನೆಂದು ಎರಡು ಸಲ ಹೇಳಿದನು.

ಮುಂದಿನ ದಿನಗಳನ್ನು ಕಳೆಯುವುದೇ ಕಷ್ಟವಾಯಿತು. ಆ ಕಛೇರಿಯಿಂದ ಸ್ವಲ್ಪ ದೂರ ನಡೆದರೆ ಕೋಲ್ ಹಾರ್ಬರ್ ಎಂಬ ದಡ. ಅಲ್ಲಿ ಒಂದು ಸ್ಮಾರಕವನ್ನು ಕಂಡೆವು. ನಾವು ಹೋಗುವುದಕ್ಕೆ ಒಂದು ವರ್ಷ ಮುಂಚೆ, ೨೦೧೨ರಲ್ಲಿ ಅದನ್ನು ತೆರೆದಿದ್ದರು. ‘ಕೊಮಗಾತ ಮಾರು’ ಎಂಬ ಹಡಗಿನ ಯಾತ್ರಿಕರ ಹೆಸರುಗಳು ಅದರಲ್ಲಿವೆ. ೧೯೧೪ನೆಯ ಮೇ ೨೩ರಂದು ಗುರುದಿತ್ ಸಿಂಗರು ಗೊತ್ತುಮಾಡಿದ ಆ ಹಡಗು ಹಾಂಕಾಂಗಿನಿಂದ ಹೊರಟು, ೩೭೬ ಮಂದಿ ಹಿಂದೂಸ್ಥಾನದವರನ್ನು ಹೊತ್ತು ಈ ಕೊಲ್ಲಿಗೆ ಬಂದಿತು. ಅವರೆಲ್ಲರೂ ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳೇ. ಆದರೆ ವಲಸೆಗಾರರು ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ಮುರಿಯದ ಒಂದೇ ಪ್ರಯಾಣದಲ್ಲಿ ಬಂದಿರಬೇಕೆಂದು ಕೆನಡಾ ೧೯೦೮ರಲ್ಲಿ ಕಟ್ಟಳೆ ಮಾಡಿತ್ತು. ಹಿಂದೂಸ್ಥಾನದಿಂದ ಅಂಥ ಪ್ರಯಾಣಕ್ಕೆ ಹಡಗಿನ ಅನುಕೂಲವೇ ಇರದಂತೆಯೂ ನೋಡಿಕೊಂಡಿತ್ತು. ಕಟ್ಟಳೆಯಲ್ಲಿ ಯಾವ ಜಾತಿಯ ಹೆಸರೂ ಇರಲಿಲ್ಲ. ಇಂಥ ಜಾಣತನಕ್ಕೆ ಏನೆನ್ನೋಣ!

ಎರಡು ತಿಂಗಳು ಅವರು ದಡವನ್ನು ನೋಡುತ್ತ ನೀರಿನ ಮೇಲೆಯೇ ಇದ್ದರು. ಅನ್ನನೀರಿಗೂ ತತ್ವಾರವಾಯಿತು. ದಡದಲ್ಲಿದ್ದ ಸಿಖ್ಖರು ಹಣ ಕೂಡಿಸಿ ಮೊಕದ್ದಮೆ ನಡೆಸಿ ಸೋತರು. ಬಲವಂತವಾಗಿ ಹೊರಡಿಸಲು ಬಂದ ಪೋಲೀಸರ ದೋಣಿಯ ಮೇಲೆ ಯಾತ್ರಿಕರು ಕಲ್ಲಿದ್ದಲಿನ ಹೆಂಟೆಗಳನ್ನು ಎಸೆದರು. ಕಡೆಗೆ ಯುದ್ಧನೌಕೆಯೊಂದನ್ನು ತರಿಸಿ, ಜುಲೈ ೨೩ರಂದು ಹಡಗನ್ನು ಸಾಗಹಾಕಿದರು. ಇಳಿಯಗೊಟ್ಟಿದ್ದು ಇಪ್ಪತ್ತು ಚಿಲ್ಲರೆ ಮಂದಿಯನ್ನು ಮಾತ್ರ. ಉಳಿದವರು ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿಯ ಬಜ್‌ಬಜ್ ತಲಪಿದಾಗ ಅಲ್ಲಿಯೂ ಗುಂಡು ಹಾರಿ, ಹಲವರು ಮಡಿದರು. ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು ೨೦೧೬ರಲ್ಲಿ.

ನಮ್ಮ ಸಂಕಟವನ್ನು ಅವರದಕ್ಕೆ ಹೋಲಿಸುವ ಧಾರ್ಷ್ಟ್ಯ ನಮಗಿಲ್ಲ. ನಾವು ಹೋಟೆಲಿನಲ್ಲಿ ಮಲಗಿದ್ದವರು. ಆದರೂ ಮನೆಯವರು ಹೆಸರುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. ಅಂದಿನ ಮಧ್ಯಾಹ್ನ ರಾಸ್ ಬೀದಿಯ ಗುರುದ್ವಾರಕ್ಕೆ ಹೋದೆವು. ಆ ಯಾತ್ರಿಕರಿಗಾಗಿ ದುಡಿದ ಖಾಲ್ಸಾ ದಿವಾನ್ ಸೊಸೈಟಿಯದೇ ಈ ಮಂದಿರ. ಚಾಪೆಯ ಮೇಲೆ ಕೂರಿಸಿ ರೊಟ್ಟಿ, ಬೇಳೆ, ಪಾಯಸ ಬಡಿಸಿದರು. ಯಾರು, ಎಲ್ಲಿಯವರು, ಕಾಗದವೆಲ್ಲಿ ಎಂದು ಯಾರೂ ಕೇಳಲಿಲ್ಲ. ಮರುದಿನವೂ ಅಲ್ಲಿಗೇ ಹೋದೆವು. ಹೋಟೆಲಿನ ಖರ್ಚು ಉಳಿಯಿತೆಂಬುದನ್ನೂ ಮುಚ್ಚಿಡುವುದಿಲ್ಲ.

ಈಗ ಈ ದಾರಿಯೂ ಬಹುಮಟ್ಟಿಗೆ ಮುಚ್ಚಿದಂತೆಯೇ. ೨೦೨೫ನೆಯ ಸೆಪ್ಟೆಂಬರ್ ೬ರಂದು ಅಮೇರಿಕದ ಸರಕಾರವು, ಇಂಥ ವೀಸಾ ಬೇಡುವವರು ತಾವು ಪ್ರಜೆಗಳಾದ ಇಲ್ಲವೆ ವಾಸವಾಗಿರುವ ದೇಶದಲ್ಲಿಯೇ ಸಂದರ್ಶನಕ್ಕೆ ನಿಲ್ಲಬೇಕೆಂದು ಸೂಚನೆ ಹೊರಡಿಸಿತು. ಅಮೇರಿಕದಲ್ಲಿ ಮನೆ ಮಾಡಿರುವ ನಮ್ಮವರು ಇನ್ನು ತಾಯ್ನಾಡಿಗೇ ಬಂದು ಸರದಿ ಕಾಯಬೇಕು.

ಆರನೆಯ ದಿನ ಮಳಿಗೆಯಲ್ಲಿ ರಹದಾರಿಗಳು ಕೈಸೇರಿದವು. ಅಲ್ಲಿಯೇ ತೆರೆದು ಹೆಸರು, ತಾರೀಖುಗಳನ್ನು ಇಬ್ಬರೂ ಒಮ್ಮೊಮ್ಮೆ ಓದಿದೆವು. ಆ ತೆಲುಗು ತರುಣನಿಗೆ ಫೋನು ಮಾಡಿದಾಗ, ಹೈದರಾಬಾದಿಗೆ ಟಿಕೀಟು ತೆಗೆಸಿರುವೆನೆಂದನು. ಅವನ ಕಾರನ್ನು ನಿಲ್ದಾಣದಿಂದ ತೆಗೆಸಿ ಅವನ ಸ್ನೇಹಿತರ ಮನೆಗೆ ಸೇರಿಸುವುದಾಗಿ ಒಪ್ಪಿಕೊಂಡೆವು. ಗಡಿಯನ್ನು ದಾಟುವಾಗ ಕತ್ತಲೆಯಾಗಿತ್ತು. ಮಗಳು ಹಿಂದಿನ ಆಸನದಲ್ಲಿ ನಿದ್ದೆಹೋಗಿದ್ದಳು. ಅಧಿಕಾರಿ ದೀಪ ಹಿಡಿದು ಅವಳ ಮುಖವನ್ನು ನೋಡಿ, ಎಚ್ಚರಿಸಬೇಡಿರೆಂದು ಸನ್ನೆಮಾಡಿ, ನಮ್ಮ ಬೆರಳುಗಳನ್ನು ಮಾತ್ರ ಕೇಳಿದನು.