ಪತ್ತೇದಾರಿ, ಅದ್ಭುತ, ಚರಿತ್ರೆ: ಓದುಗನೊಬ್ಬನ ಅಭಿಪ್ರಾಯಗಳು

ಈ ಮಳೆಗಾಲದಲ್ಲಿ ಓದಿದ ಪುಸ್ತಕಗಳ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಕೆಲವು ದಿನಗಳಿಂದ ಯೋಚಿಸುತ್ತಿದ್ದೆನು. ನಾನು ಪಂಡಿತನಲ್ಲ, ವಿಮರ್ಶಕನೆಂಬ ಹೆಸರಿಗೆ ಬೇಕಾದ ಸಾಮಗ್ರಿಯೂ ನನ್ನಲ್ಲಿಲ್ಲ. ಓದುವುದು ನನಗೆ ಊಟವಾದ ಮೇಲಿನ ತಾಂಬೂಲದಂತೆ ಅಭ್ಯಾಸವಾಗಿ ಹೋಗಿದೆ. ಅದಿಲ್ಲದೆ ದಿನವು ಪೂರ್ತಿಯಾದಂತೆ ತೋರುವುದಿಲ್ಲ. ಈ ಸಲ ಓದಿದವುಗಳಲ್ಲಿ ಪತ್ತೇದಾರಿಯ ಕಾದಂಬರಿಗಳಿದ್ದವು, ಅದ್ಭುತವನ್ನು ಬೆರಸಿದ ಕಥನವೊಂದಿದ್ದಿತು, ಚರಿತ್ರೆಯ ಗ್ರಂಥಗಳೂ ಇದ್ದವು. ಯಾವ ಕ್ರಮವನ್ನೂ ಇಟ್ಟುಕೊಂಡು ಆರಿಸಿದವಲ್ಲ. ಆದರೂ ಮುಗಿಸಿ ನೋಡುವಾಗ, ಇವೆಲ್ಲವೂ ನಂಜನಗೂಡು, ತಿರುಮಕೂಡಲು ನರಸೀಪುರ ಎಂಬ ನಮ್ಮ ಎರಡು ತಾಲ್ಲೂಕುಗಳನ್ನು ಒಂದಲ್ಲ ಒಂದು ವಿಧದಿಂದ ಮುಟ್ಟುತ್ತಿದ್ದವು. ಒಂದೇ ನೆಲವನ್ನು ಮೂರು ಬಗೆಯ ಲೇಖಕರು ಅಗೆದಾಗ ಯಾರ ಗುದ್ದಲಿಗೆ ಏನು ಸಿಕ್ಕಿತೆಂಬುದನ್ನು ಹೋಲಿಸಿ ನೋಡಲು ನನಗೆ ಅವಕಾಶವಾಯಿತು.

ಮೊದಲು ಪತ್ತೇದಾರಿಯ ಮಾತು. ವಿದ್ಯಾವಂತರ ಮನೆಗಳಲ್ಲಿ ಈ ಜಾತಿಯ ಪುಸ್ತಕಕ್ಕೆ ಮರ್ಯಾದೆ ಕಡಿಮೆ. ಹುಡುಗರು ಅದನ್ನು ಪಾಠದ ಪುಸ್ತಕದೊಳಗೆ ಬಚ್ಚಿಟ್ಟು ಓದುವರು. ಹಿರಿಯರು ಅದನ್ನು ಕಸಿದುಕೊಂಡು, ಹುಡುಗರು ಮಲಗಿದ ಮೇಲೆ ತಾವು ಓದುವರು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಓದುವ ರುಚಿಯನ್ನು ಕಲಿತವರು ಎಷ್ಟು ಮಂದಿಯೋ! ಆದರೆ ಪಟ್ಟಿಯನ್ನು ಬರೆಯುವಾಗ ಆ ಋಣವನ್ನು ಒಪ್ಪಿಕೊಳ್ಳುವವರು ವಿರಳ. ಇನ್ನು ಮ. ರಾಮಮೂರ್ತಿಗಳ ಹೆಸರನ್ನು ನಾವು ಇಂದು ಕನ್ನಡ ಬಾವುಟದ ಕಾರಣದಿಂದ ನೆನೆಯುತ್ತೇವೆ. ಹಳದಿ ಕೆಂಪಿನ ಆ ಧ್ವಜವನ್ನು ರೂಪಿಸಿದವರು 1918ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರೆಂಬುದೂ, ಅನೇಕ ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂಬುದೂ ಊರಿನವರಲ್ಲಿಯೇ ಹಲವರಿಗೆ ತಿಳಿಯದು. ಅವರು 1967ರಲ್ಲಿ ತೀರಿಕೊಂಡರು. ಕನ್ನಡಿಗರು ಕನ್ನಡವನ್ನು ಓದಬೇಕೆಂದು ಹೋರಾಡಿದವರು, ಜನರು ಕೈಯಿಂದ ಕೆಳಗಿಡದಂತಹ ಕಥೆಗಳನ್ನು ಬರೆದುದು ಆಶ್ಚರ್ಯವೇನೂ ಅಲ್ಲ. ಓದುಗನನ್ನು ಪುಸ್ತಕದ ಬಳಿಗೆ ಕರೆತರುವುದೂ ಭಾಷೆಗೆ ಸಲ್ಲಿಸಿದ ಸೇವೆಯೇ.

ಪತ್ತೇದಾರಿ ಕಥೆಯ ಗುಣವು ನನ್ನ ಮಟ್ಟಿಗೆ ಅದರ ನ್ಯಾಯದಲ್ಲಿದೆ. 1887ರಲ್ಲಿ ಷರ್ಲಾಕ್ ಹೋಮ್ಸನು ಇಂಗ್ಲಿಷಿನಲ್ಲಿ ಕಾಣಿಸಿಕೊಂಡಂದಿನಿಂದ ಈ ಕಥೆಗಳಲ್ಲಿ ಒಂದು ಒಪ್ಪಂದವು ನೆಲೆಗೊಳ್ಳುತ್ತ ಬಂದಿತು: ಕುರುಹುಗಳನ್ನು ಓದುಗನಿಂದ ಮುಚ್ಚಿಡಬಾರದು, ಕೊನೆಗೆ ಉತ್ತರವನ್ನು ಕೊಡದೆ ಹೋಗಬಾರದು. ಗೋಜಲನ್ನು ಕಟ್ಟಿದವನೇ ಬಿಡಿಸಿ ತೋರಿಸುವನು. ದಿನವೆಲ್ಲ ಬಿಡಿಸಲಾರದ ಗೋಜಲುಗಳ ನಡುವೆ ಬಾಳುವ ಗೃಹಸ್ಥನಿಗೆ ಇದು ದೊಡ್ಡ ಸಮಾಧಾನ. ಆದರೆ ಈ ಸಮಾಧಾನದ ಬೆಲೆಯನ್ನು ಮರೆಯಬಾರದು. ಬೀಗವನ್ನೂ ಬೀಗದ ಕೈಯನ್ನೂ ಒಬ್ಬನೇ ಕಮ್ಮಾರನು ಮಾಡಿರುವುದರಿಂದ ಬಾಗಿಲು ತೆರೆಯುತ್ತದೆ. ಲೋಕದ ಬೀಗಗಳಿಗೆ ಅಂತಹ ಅನುಕೂಲವಿಲ್ಲ.

ಈ ಮಾತಿನ ಬೆಲೆ ನನಗೆ ಚೆನ್ನಾಗಿ ತಿಳಿದುದು ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಕಾದಂಬರಿಯಿಂದ. ಗಣೇಶಯ್ಯನವರು ಕೃಷಿ ವಿಜ್ಞಾನಿಗಳು. ಚರಿತ್ರೆಯ ಸಂದುಗಳಲ್ಲಿ ಕಥೆಯನ್ನು ಹುಡುಕುವುದು ಅವರ ಮಾರ್ಗ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವೇ ಇಲ್ಲಿ ರಹಸ್ಯದ ಮೂಲ. ವಿಷಯವು ಕೇವಲ ಕಲ್ಪನೆಯದಲ್ಲ. ನಮ್ಮ ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅಂತಹ ಶಿಲ್ಪಗಳಿವೆ. ದೇವಾಲಯವು ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನಿಂದ 1268ರಲ್ಲಿ ಆದುದು. ಮುಸುಕಿನ ಜೋಳದ ತವರು ಅಮೆರಿಕ. ಕೊಲಂಬಸನು ಅಲ್ಲಿಗೆ ಹೋದುದು 1492ರಲ್ಲಿ. ಶಿಲ್ಪದಲ್ಲಿರುವುದು ಜೋಳವೇ ಆದರೆ 224 ವರ್ಷಗಳ ಲೆಕ್ಕವನ್ನು ಯಾರಾದರೂ ಒಪ್ಪಿಸಬೇಕಾಗುತ್ತದೆ. ಅದು ಜೋಳವೇ ಎಂದು ಯೋಹಾನೆಸ್ಸೆನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ಸಸ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ವಾದಿಸಿದರು. ಅದು ಜೋಳವಲ್ಲ, ಮುತ್ತುಗಳನ್ನು ಪೋಣಿಸಿದಂತೆ ಕಲ್ಪಿಸಿದ ಮುಕ್ತಾಫಲವೆಂದು ಪಾಯಕ್ ಮತ್ತು ಸಚನ್ ಎಂಬ ಭಾರತೀಯ ವಿಜ್ಞಾನಿಗಳು ಖಂಡಿಸಿ ಬರೆದರು. ಜೋಳದ ವಾದವನ್ನು ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚು ಮಂದಿ ಒಪ್ಪಿಲ್ಲ.

ಕಾದಂಬರಿಯನ್ನು ನಾನು ಎರಡು ರಾತ್ರಿಗಳಲ್ಲಿ ಮುಗಿಸಿದೆನು. ಬೇಸರವೆಂಬುದು ಹತ್ತಿರ ಸುಳಿಯಲಿಲ್ಲ. ಬಳಿಕ ನನ್ನ ಅಣ್ಣನ ಮಗಳು ಅದನ್ನು ಓದಿದಳು. ಒಂದು ಭಾನುವಾರ ಅವಳನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದೆನು. ಅವಳು ಗೋಡೆಯನ್ನು ಸುತ್ತಿ ಬಂದು, ಒಂದು ಶಿಲ್ಪದ ಮುಂದೆ ನಿಂತು, “ಚಿಕ್ಕಪ್ಪ, ಇದು ಜೋಳವೆಂಬುದರಲ್ಲಿ ಇನ್ನು ಅನುಮಾನವೇನಿದೆ? ಕಾಳುಗಳ ಸಾಲು ಕೂಡ ಕಾಣುತ್ತಿದೆಯಲ್ಲ!” ಎಂದಳು. “ಸಾಲು ಕಾಣುತ್ತಿದೆ, ತಾಯಿ, ಜೋಳವು ಕಾಣುತ್ತಿದೆಯೋ, ಪುಸ್ತಕವು ಕಾಣುತ್ತಿದೆಯೋ ಹೇಳು” ಎಂದೆನು. ಅವಳಿಗೆ ಸ್ವಲ್ಪ ಕೋಪವೇ ಬಂದಿತು. ಬರುವುದು ಸಹಜ. ಒಳ್ಳೆಯ ಕಥೆಗಾರನು ತೆರೆದ ಪ್ರಶ್ನೆಯೊಂದನ್ನು ಮುಚ್ಚಿಬಿಟ್ಟರೆ, ಮತ್ತೆ ಅದನ್ನು ತೆರೆಯಲು ಬರುವವನು ರಸಭಂಗ ಮಾಡಿದವನಂತೆ ತೋರುವನು. ಇದರಲ್ಲಿ ಕಾದಂಬರಿಕಾರರ ತಪ್ಪಿಲ್ಲ. ಅವರು ಬರೆದುದು ಕಾದಂಬರಿಯೆಂದು ಹೇಳಿಯೇ ಬರೆದಿರುವರು. ಕಥೆಯ ಮುಕ್ತಾಯವನ್ನು ಚರಿತ್ರೆಯ ತೀರ್ಪೆಂದು ಮನೆಗೆ ಹೊತ್ತು ತರುವ ಓದುಗನೇ ಎಚ್ಚರವಾಗಿರಬೇಕು. ಅಂತಹವರ ಸಂಖ್ಯೆಯು ಇತ್ತೀಚೆಗೆ ಹೆಚ್ಚುತ್ತಿರುವಂತೆ ನನಗೆ ತೋರುವುದರಿಂದಲೇ ಇಷ್ಟನ್ನು ಬರೆದೆನು.

ಮನೆಗೆ ಬಂದ ಮೇಲೆ ರಾ. ನರಸಿಂಹಾಚಾರ್ಯರು 1917ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸೋಮನಾಥಪುರದ ಕೇಶವ ದೇವಾಲಯದ ಮೇಲಿನ ಕಿರುಗ್ರಂಥವನ್ನು ತೆಗೆದೆನು. ‘ಕರ್ಣಾಟಕ ಕವಿಚರಿತೆ’ಯನ್ನು ನಮಗೆ ಕೊಟ್ಟ ಮಹನೀಯರೇ ಇವರು; ಆಗ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಇದರಲ್ಲಿ ರೋಮಾಂಚವೇನೂ ಇಲ್ಲ. ಗೋಡೆ, ಕಂಬ, ಭುವನೇಶ್ವರಿ, ವಿಗ್ರಹ, ಅದರ ಕೆಳಗಿನ ಹೆಸರು ಎಂದು ಒಂದಾದ ಮೇಲೊಂದನ್ನು ಎಣಿಸುತ್ತ ಹೋಗುವರು. ಆದರೆ ಈ ಎಣಿಕೆಯ ಫಲವನ್ನು ನೋಡಿರಿ: ಸುಮಾರು 40 ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರಿದೆ. ದಂಡನಾಯಕನ ಹೆಸರನ್ನು ಶಾಸನವು ಉಳಿಸಿತು; ಉಳಿಹಿಡಿದವನ ಹೆಸರನ್ನು ಅವನೇ ಉಳಿಸಿಕೊಂಡನು. ಅವನು ಯಾರ ಮಗ, ಕೊನೆಗೆ ಎಲ್ಲಿಗೆ ಹೋದ ಎಂಬುದಕ್ಕೆ ಆ ಕಲ್ಲುಗಳು ಉತ್ತರ ಕೊಡವು. ಕಾದಂಬರಿಕಾರನಾದರೆ ಮಲ್ಲಿತಮ್ಮನಿಗೆ ಒಬ್ಬ ಪ್ರೇಯಸಿಯನ್ನೂ ಒಬ್ಬ ಶತ್ರುವನ್ನೂ ಒದಗಿಸುತ್ತಿದ್ದನು. ಚರಿತ್ರಕಾರನು ಕಂಡುದನ್ನು ಬರೆದು ಲೇಖನಿಯನ್ನು ಕೆಳಗಿಡುವನು. ಈ ನಿಲುಗಡೆಯಲ್ಲಿ ಒಂದು ಗಾಂಭೀರ್ಯವಿದೆ.

ಇದರೊಡನೆ ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ಣಾಟಿಕ’ದ ಮೂರನೆಯ ಸಂಪುಟವನ್ನೂ ತಿರುವಿಹಾಕಿದೆನು. 1894ರಲ್ಲಿ ಪ್ರಕಟವಾದ ಈ ಸಂಪುಟದಲ್ಲಿ ನಮ್ಮ ಎರಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ನಾವು ಬಟ್ಟೆ ಒಣಗಿಸುವ, ದನ ಕಟ್ಟುವ ಕಲ್ಲುಗಳಲ್ಲಿ ಗಂಗರೂ ಚೋಳರೂ ಹೊಯ್ಸಳರೂ ಮಾತನಾಡುವುದನ್ನು ಕೇಳಬೇಕಾದರೆ ಇಲ್ಲಿಗೆ ಬರಬೇಕು. ತಲಕಾಡನ್ನು ಚೋಳರು 11ನೆಯ ಶತಮಾನದ ಮೊದಲಲ್ಲಿ ಗಂಗರಿಂದ ಕಿತ್ತುಕೊಂಡುದು, ವಿಷ್ಣುವರ್ಧನನು 1116ರ ಸುಮಾರಿನಲ್ಲಿ ಅದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದುದು, ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದುದು, ಇವೆಲ್ಲಕ್ಕೂ ಆಧಾರವು ಇಂತಹ ಕಲ್ಲುಗಳೇ.

ತಲಕಾಡೆಂದೊಡನೆ ನಮ್ಮ ಕಡೆಯ ಮಕ್ಕಳಿಗೆ ನೆನಪಾಗುವವಳು ಅಲಮೇಲಮ್ಮ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿಯು ಒಡವೆಗಳಿಗಾಗಿ ಅಟ್ಟಿಬಂದವರ ಕೈಗೆ ಸಿಕ್ಕದೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳೆಂದೂ, ಹಾರುವಾಗ ಊರಿಗೂ ಮಡುವಿಗೂ ಅರಸುಮನೆತನಕ್ಕೂ ಶಾಪವಿತ್ತಳೆಂದೂ ಕಥೆ. ಹೊಳೆಯ ತಿರುವಿನಲ್ಲಿ ಸೇರಿದ ಮರಳನ್ನು ಗಾಳಿಯು ಊರಿನ ಮೇಲೆ ಹೊತ್ತು ತಂದಿತೆಂದು ಭೂವಿಜ್ಞಾನವು ಹೇಳುವುದು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಜನರು ಜಗಳವಾಡುವುದನ್ನು ಕಂಡಿದ್ದೇನೆ. ಮರಳು ಹೇಗೆ ಬಂದಿತೆಂಬ ಪ್ರಶ್ನೆಗೆ ಗಾಳಿಯೇ ಉತ್ತರ. ಒಡವೆಗಾಗಿ ಒಬ್ಬ ವಿಧವೆಯನ್ನು ಅಟ್ಟಿದುದು ಅನ್ಯಾಯವೆಂಬ ಮಾತನ್ನು ಆಡಲು ಗಾಳಿಗೆ ಬಾಯಿಲ್ಲ. ಅದನ್ನು ಜನರು ಶಾಪದ ರೂಪದಲ್ಲಿ ಆಡಿ ನಾಲ್ಕು ನೂರು ವರ್ಷ ಉಳಿಸಿಕೊಂಡರು.

ಇಲ್ಲಿ ಚರಿತ್ರೆಯ ಕೊರತೆಯೊಂದನ್ನು ಹೇಳಲೇಬೇಕು. ಶಾಸನಗಳನ್ನು ಬರೆಯಿಸಿದವರು ಭೂಮಿಯನ್ನು ಕೊಡಬಲ್ಲವರು. ಆದುದರಿಂದ ಅವುಗಳಲ್ಲಿ ದತ್ತಿಯಿದೆ, ಎಲ್ಲೆಯ ಗುರುತಿದೆ, ತೆರಿಗೆಯಿದೆ. ದತ್ತಿಯನ್ನು ಅಪಹರಿಸಿದವನು 60,000 ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವೂ ಇದೆ. ಆ ಭೂಮಿಯನ್ನು ಉತ್ತವನ ಹೆಸರನ್ನು ಹುಡುಕಿದರೆ ದೊರೆಯುವುದು ಅಪರೂಪ. ಅವನ ಮನೆಯಲ್ಲಿ ಒಂದು ಕೊಲೆಯಾದರೆ ಅದಕ್ಕಾಗಿ ಕಲ್ಲನ್ನು ನೆಡಿಸುವವರು ಯಾರು?

ಈ ಪ್ರಶ್ನೆಯು ಮನಸ್ಸಿನಲ್ಲಿದ್ದಾಗಲೇ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮತ್ತೊಮ್ಮೆ ಓದಿದೆನು. ಲೇಖಕರು ನಂಜನಗೂಡು ತಾಲ್ಲೂಕಿನ ದೇವನೂರಿನವರು. ಈ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇದರ ನಡುವೆ ಇರುವುದು ಒಂದು ಕೊಲೆ. ಚನ್ನನೆಂಬ ದಲಿತ ಯುವಕನು ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದುದಕ್ಕಾಗಿ ಸತ್ತನು. ಪತ್ತೇದಾರಿಯ ಸಾಮಗ್ರಿಯೆಲ್ಲವೂ ಇದೆ. ಆದರೆ ಭೇದಿಸಲು ಯಾವ ಪುರುಷೋತ್ತಮನೂ ಬರುವುದಿಲ್ಲ. ಅದಕ್ಕೆ ಬದಲಾಗಿ, ರಾತ್ರಿ ಮನೆಮನೆಯ ದೀಪಗಳು ಆರಿದ ಮೇಲೆ ಅವುಗಳ ಜೋತಮ್ಮಗಳು ಒಂದೆಡೆ ಸೇರಿ ತಮ್ಮ ತಮ್ಮ ಮನೆಯಲ್ಲಿ ಕಂಡುದನ್ನು ಹೇಳಿಕೊಳ್ಳುತ್ತವೆ. ಇದನ್ನು ಅದ್ಭುತವೆಂದು ಕರೆಯುವುದಾದರೆ ಕರೆಯೋಣ. ಆದರೆ ಯೋಚಿಸಿರಿ: ಊರೆಲ್ಲ ಬಾಯಿ ಮುಚ್ಚಿಕೊಂಡಾಗ, ಗೋಡೆಯೊಳಗೆ ನಡೆದುದನ್ನು ಕಂಡಿರುವ ಸಾಕ್ಷಿಯು ದೀಪವಲ್ಲದೆ ಮತ್ತಾವುದು?

ಈ ಪುಸ್ತಕದ ಭಾಷೆ ಕಠಿನವೆಂದು ನಮ್ಮ ವಿದ್ಯಾವಂತರು ಆಕ್ಷೇಪಿಸುವರು. ನಂಜನಗೂಡಿನ ಹಳ್ಳಿಗಳ ಮಾತನ್ನು ಇದ್ದಂತೆಯೇ ಬರೆದಿರುವುದರಿಂದ ಧಾರವಾಡದ ಓದುಗನಿಗೆ ಕಷ್ಟವಾದರೆ ಒಪ್ಪಬಹುದು. ಆ ಹಳ್ಳಿಗಳ ಪಕ್ಕದಲ್ಲಿಯೇ ಮನೆ ಕಟ್ಟಿಕೊಂಡು ಹಾಲು, ತರಕಾರಿ, ಕೂಲಿ ಎಲ್ಲವನ್ನೂ ಅಲ್ಲಿಂದಲೇ ಪಡೆಯುವ ನಮಗೆ ಆ ಮಾತು ತಿಳಿಯದೆಂದರೆ, ಕೊರತೆ ಪುಸ್ತಕದ್ದಲ್ಲ. ಗಟ್ಟಿಯಾಗಿ ಓದಿರಿ, ಕಿವಿಗೆ ಬಿದ್ದೊಡನೆ ಅರ್ಥವಾಗುವುದು. ನಮ್ಮ ಮನೆಯಲ್ಲಿ ಹಾಗೆ ಓದಿದಾಗ, ಕೆಲಸಕ್ಕೆ ಬರುವ ಅಜ್ಜಿಯು ಕಸಪೊರಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತ ನಿಂತರು. ಜೋತಮ್ಮಗಳ ಮಾತು ಅವರಿಗೆ ಸ್ವಲ್ಪವೂ ವಿಚಿತ್ರವೆನಿಸಲಿಲ್ಲ. ಚನ್ನನ ಸುದ್ದಿ ಬಂದಾಗ, “ಇಂಗೇ ಅಲ್ವಾ ಆಗೋದು” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಮುಂದಿನ ಪುಟವನ್ನು ತಿರುವಲು ಸ್ವಲ್ಪ ಹೊತ್ತು ಹಿಡಿಯಿತು.

ಹೀಗೆ ಮೂರು ಬಗೆಯ ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನ್ನ ಅಭಿಪ್ರಾಯವು ಇಷ್ಟು. ತಿಳಿಯದ ವಿಷಯವೊಂದು ಎದುರಾದಾಗ ಪುಸ್ತಕವು ಏನು ಮಾಡುತ್ತದೆಂಬುದರಿಂದ ಅದನ್ನು ಅಳೆಯಬೇಕು. ಪತ್ತೇದಾರಿಯು ಅದನ್ನು ಬಿಡಿಸಿಬಿಡುತ್ತದೆ. ಬುದ್ಧಿಗೆ ಸಾಣೆ ಹಿಡಿಯಲು ಇದು ಒಳ್ಳೆಯದು. ಚರಿತ್ರೆಯು ತಿಳಿದುದರ ಅಂಚಿನಲ್ಲಿ ಎಲ್ಲೆಕಲ್ಲನ್ನು ನೆಟ್ಟು ನಿಲ್ಲುತ್ತದೆ; ಮನಸ್ಸಿಗೆ ಪ್ರಾಮಾಣಿಕತೆಯನ್ನು ಕಲಿಸಲು ಇದಕ್ಕಿಂತ ಮೇಲಾದ ಗುರುವಿಲ್ಲ. ಅದ್ಭುತವು, ಅದು ಒಳ್ಳೆಯದಾಗಿದ್ದರೆ, ಬರೆಯದೆ ಬಿಟ್ಟವರ ಬಾಯಾಗಿ ಆ ಎಲ್ಲೆಯ ಆಚೆಯಿಂದ ಮಾತನಾಡುತ್ತದೆ. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗಳು ಕಣ್ಣಿಗೆ ಕಾಣುವಂತೆ ಕೂಡುತ್ತವೆ. ಮೂರನೆಯದಾದ ಸ್ಫಟಿಕ ಸರೋವರವು ಗುಪ್ತವೆಂದು ಹಿರಿಯರು ಹೇಳುವರು. ಕಾಣದ ಅದನ್ನೂ ಸೇರಿಸಿಯೇ ಅದಕ್ಕೆ ತ್ರಿವೇಣಿಯೆಂಬ ಹೆಸರು.

ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಸೂಚನೆ. ಪತ್ತೇದಾರಿಯನ್ನು ಕಸಿದುಕೊಳ್ಳಬೇಡಿರಿ; ಓದಿ ಮುಗಿಸಲಿ. ಅನಂತರ ಒಂದು ರಜೆಯ ದಿನ ಶಾಸನವಿರುವ ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ, ಅದರಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲವೆಂಬುದನ್ನೂ ಕೇಳಿರಿ. ನನ್ನ ಅಣ್ಣನ ಮಗಳು ಈಗ ‘ಕುಸುಮಬಾಲೆ’ಯನ್ನು ಹಿಡಿದಿದ್ದಾಳೆ, ಅರ್ಥವಾಗದ ಮಾತುಗಳನ್ನು ಕೇಳಲು ನನ್ನ ಬಳಿಗೆ ಬಾರದೆ ಆ ಅಜ್ಜಿಯ ಬಳಿಗೆ ಹೋಗುತ್ತಾಳೆ.