ಕವೆಂಟ್ರಿಯ ಬೋಲ್ಟು

ಇಂಗ್ಲೆಂಡಿನ ಕವೆಂಟ್ರಿ ನಗರದ ಗಾಸ್‌ಫರ್ಡ್ ಬೀದಿಯಲ್ಲಿ ಈಗ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ಕಟ್ಟಡವೊಂದುಂಟು. ಹಿಂದೆ ಅದು ಮಾರಿಸ್ ಮೋಟಾರಿನ ಎಂಜಿನ್ ಕಾರ್ಖಾನೆಯಾಗಿದ್ದಿತು. ನಾವು ಅದನ್ನು ನೋಡಹೋದುದು ಒಂದು ಬೋಲ್ಟಿನ ವಂಶಾವಳಿಯ ಕುತೂಹಲದಿಂದ, ವಾಚಕರು ನಗಬಾರದು.

1914ರ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಯವರು ಇಲ್ಲಿಗೆ ಬಂದು ಯಂತ್ರಬಂದೂಕುಗಳನ್ನು ಮಾಡಿದರು. ಯುದ್ಧ ಮುಗಿದ ಮೇಲೆ ಮಾರಿಸರಿಗೆ ಎಂಜಿನುಗಳನ್ನು ಮಾಡಿಕೊಟ್ಟರು. 1923ರಲ್ಲಿ ಮಾರಿಸರು ಕಾರ್ಖಾನೆಯನ್ನೇ ಕೊಂಡರು. ಫ್ರೆಂಚ್ ಯಂತ್ರಗಳು ಕೊರೆಯುತ್ತಿದ್ದುದು ಮಿಲಿಮೀಟರಿನ ತಿರುಪು. ಇಂಗ್ಲೆಂಡಿನ ಮೇಸ್ತ್ರಿಗಳ ಕೈಯಲ್ಲಿದ್ದುದು ವಿಟ್‌ವರ್ತ್ ಅಳತೆಯ ಸ್ಪ್ಯಾನರು. ಹೀಗೆ ಮೈ ಫ್ರೆಂಚರದು, ತಲೆ ಇಂಗ್ಲಿಷರದು ಆದ ಬೋಲ್ಟು ಹುಟ್ಟಿತು! ಮಾರಿಸರ ಬಳಗದ ಎಂ.ಜಿ. ಕಾರುಗಳಲ್ಲಿ ಈ ಸಂಕರಸಂತಾನವು 1955ರವರೆಗೂ ಬಾಳಿತು.

ಹಳೆಯ ಎಂ.ಜಿ.ಯನ್ನು ಜೀರ್ಣೋದ್ಧಾರ ಮಾಡುವವರಿಗೆ ಅಪಾಯವಿರುವುದು ಇಲ್ಲಿಯೇ. 8 ಮಿಲಿಮೀಟರಿಗೂ 5/16 ಅಂಗುಲಕ್ಕೂ ದಪ್ಪದಲ್ಲಿ ಕೂದಲೆಳೆಯಷ್ಟೇ ಅಂತರ. ಅಂಗುಲದ ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ ನಿಂತುಬಿಡುವುದು. ಅಲ್ಲಿ ಬಲ ಪ್ರಯೋಗಿಸಿದರೆ ಎಂಜಿನಿನ ಎರಕದೊಳಗಿನ ಸುತ್ತುಗಳೇ ಹರಿದುಹೋದಾವು. ಬೋಲ್ಟು ಕೆಟ್ಟರೆ ಇನ್ನೊಂದು ದೊರೆತೀತು. ಎರಕವನ್ನು ಎಲ್ಲಿ ಹುಡುಕುವುದು? ಆದುದರಿಂದ ಬಲ್ಲವರು ಸ್ಪ್ಯಾನರಿನ ಮಾತನ್ನು ನಂಬದೆ ತಿರುಪಿಗೆ ಹಲ್ಲಿನ ಮಾಪಕವನ್ನಿಟ್ಟು ನೋಡುತ್ತಾರೆ. ವಿಟ್‌ವರ್ತ್ ತಿರುಪಿನ ಕೋನ 55 ಡಿಗ್ರಿ, ಮಿಲಿಮೀಟರಿನದು 60. ಬಿಚ್ಚಿದ ಬೋಲ್ಟನ್ನು ತುಕ್ಕೆಂದು ಎಸೆಯದೆ, ಮಸಿಯೊರೆಸಿ ತಲೆಯ ಮೇಲಿನ ತಯಾರಕರ ಅಕ್ಷರಗಳನ್ನೋದಿ, ಯಾವ ರಂಧ್ರದಿಂದ ಬಂದಿತೆಂಬ ಚೀಟಿಯೊಡನೆ ಡಬ್ಬಿಯಲ್ಲಿಡುತ್ತಾರೆ.