ಗಾದೆಗೊಂದು ಎದುರು ಗಾದೆ

ನಮ್ಮ ಆದೋನಿ ಸೀಮೆಯಲ್ಲಿ ಹೆರಿಗೆಯ ಸುದ್ದಿ ಬಂದೊಡನೆ ಕೇಳುವ ಪ್ರಶ್ನೆ ಒಂದೇ: "ಯಾವ ಮಗು?" ಗಂಡೆಂದರೆ ಓಣಿಗೆಲ್ಲ ಸಕ್ಕರೆ ಹಂಚುವವರುಂಟು. ಹೆಣ್ಣೆಂದರೆ, "ಇರಲಿ ಬಿಡಿ, ಲಕ್ಷ್ಮಿ ಬಂದಳು" ಎಂದು ಸಮಾಧಾನ ಹೇಳುವರು. ಸಮಾಧಾನ ಹೇಳುವುದು ನಷ್ಟವಾದವರಿಗಲ್ಲವೆ? ಹತ್ತಿಯ ದರ ಬಿದ್ದ ವರ್ಷವಾದರೆ, "ಮೇಲೆ ಇದೊಂದು ಖರ್ಚಿನ ಬಾಬು" ಎಂದು ಯಾರೋ ಚಟಾಕಿ ಹಾರಿಸುವರು, ಉಳಿದವರು ನಗುವರು. ಹೆಣ್ಣುಗಳೇ ಸಾಲಾಗಿ ಹುಟ್ಟಿದ ಕೆಲವು ಮನೆಗಳಲ್ಲಿ ಕೊನೆಯವಳಿಗೆ 'ಸಾಕಮ್ಮ' ಎಂದು ಹೆಸರಿಟ್ಟದ್ದೂ ಉಂಟು.

ಈ ಭೇದ ನಮ್ಮಲ್ಲಿ ಮಾತ್ರವೇ ಇಲ್ಲ. ಯೆಹೂದ್ಯರಲ್ಲಿ ಗಂಡು ಮಗುವಾದರೆ ಎಂಟನೆಯ ದಿನ ಬಂಧುಬಳಗ ಸೇರಿ ಸಂಸ್ಕಾರ ನಡೆಸಿ ಊಟ ಹಾಕುವರು. ಹೆಣ್ಣಾದರೆ ಹಿಂದೆಲ್ಲ ಪ್ರಾರ್ಥನಾ ಮಂದಿರದಲ್ಲಿ ಹೆಸರು ಹೇಳಿದರೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಈಗ ಅವರಲ್ಲಿ ಅನೇಕರು ಮಗಳಿಗೂ ಸಂತೋಷಕೂಟ ಏರ್ಪಡಿಸುತ್ತಾರೆ. ರೂಢಿ ಬದಲಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ತರಗತಿಯಲ್ಲಿ ಗಾದೆಗಳ ಪಾಠ ಮಾಡುವಾಗ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬುದರ ಅರ್ಥವನ್ನು ನಾವು ವಿವರಿಸುತ್ತಿದ್ದೆವು. ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಕೊಡುವುದಕ್ಕೆ ಮೊದಲಾದರೂ ನಾವು ಒಳಗೋ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ.

ಅವಳಿಗೆ ನಾವು ನ್ಯಾಯಾಲಯದ ಒಂದು ಕಥೆ ಹೇಳಿದೆವು. ನಿವೃತ್ತನಾದ ರೈಲ್ವೆ ನೌಕರನೊಬ್ಬನ ವಸತಿಗೃಹವನ್ನು, ಅದೇ ಇಲಾಖೆಯಲ್ಲಿ ದುಡಿಯುತ್ತಿದ್ದ ಅವನ ಮದುವೆಯಾದ ಮಗಳು ತನಗೆ ಕೊಡಿರೆಂದು ಕೇಳಿದಳು. ಗಂಡುಮಕ್ಕಳಿದ್ದರೆ ಮದುವೆಯಾದ ಮಗಳಿಗೆ ಸುಲಭವಾಗಿ ಕೊಡಲಾಗದೆಂದು ಸುತ್ತೋಲೆ ಅಡ್ಡ ಬಂದಿತು. 1996ರಲ್ಲಿ ಸುಪ್ರೀಂ ಕೋರ್ಟು ಆ ಭೇದವನ್ನು ತಳ್ಳಿಹಾಕಿತು. ಹಾಗೆ ಮಾಡುವಾಗ ನ್ಯಾಯಮೂರ್ತಿಗಳು ಕಾನೂನಿನ ಗ್ರಂಥಗಳ ಜೊತೆಗೆ ಜನರ ಬಾಯಲ್ಲಿರುವ ಒಂದು ಮಾತನ್ನೂ ನೆನೆದರು: ಮಗ ಮಗನಾಗಿರುವುದು ಹೆಂಡತಿ ಬರುವ ತನಕ, ಮಗಳು ಮಗಳಾಗಿರುವುದು ಬಾಳಿನ ಕೊನೆಯ ತನಕ! ನಮ್ಮ ಹುಡುಗರು ಕೋಪಿಸಿಕೊಳ್ಳಬಾರದು. ಇದು ಅವರಿಗೆ ಬರೆದ ಶಾಪವಲ್ಲ, ಹಳೆಯ ಗಾದೆಗೆ ಸಿಕ್ಕ ಎದುರು ಗಾದೆ.

ಆಂಧ್ರ ಪ್ರದೇಶದಲ್ಲಿ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂದ ಕಾನೂನು, ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೊಟ್ಟಿತು. 2005ರ ತಿದ್ದುಪಡಿಯು ಈ ಹಕ್ಕನ್ನು ದೇಶಕ್ಕೆಲ್ಲ ಹರಡಿ, ಮದುವೆಯಾದವರನ್ನೂ ಸೇರಿಸಿಕೊಂಡಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಅಂದೂ ಅದೇ ಮಾತನ್ನು ಸ್ಮರಿಸಿತು.

ಕಾನೂನು ಹುಟ್ಟಿದ ದಿನವೇ ಮಗಳನ್ನು ಒಳಗೆ ಕರೆದಿದೆ. ಆದರೆ ತೊಟ್ಟಿಲ ಬಳಿ ಆಡುವ ಹಾಸ್ಯಕ್ಕೆ ಯಾವ ಕೋರ್ಟಿನ ಆಜ್ಞೆಯೂ ತಲುಪದು. ಆ ಹಾಸ್ಯವನ್ನು ಮಕ್ಕಳು ಕೇಳಿಸಿಕೊಂಡೇ ಬೆಳೆಯುತ್ತಾರೆ, ಮರೆಯುವುದಿಲ್ಲ. ಆದುದರಿಂದ ಪಾಲಕರಲ್ಲಿ ನಮ್ಮದೊಂದು ಬಿನ್ನಹ: ಮುಂದಿನ ಸಲ ಹೆಣ್ಣು ಮಗುವಿನ ಸುದ್ದಿ ಬಂದಾಗ ಸಮಾಧಾನ ಹೇಳಬೇಡಿರಿ, ಸಕ್ಕರೆ ಕೇಳಿರಿ.